ಅಂಬವ್ವನ ನಂಬಿಕೆಗೆ ಜೊತೆ

ಮುಂಬಯಿಯ ಪರೇಲಿನ ಆಸ್ಪತ್ರೆಯೊಂದರ ಹೆಣದ ಕೋಣೆಯ ಹೊರಗೆ ನಾವು ಮೂವರು ನಿಂತಿದ್ದೆವು: ನಾನು, ನಮ್ಮ ಚಾಳಿನ ಪಕ್ಕದ ಖೋಲಿಯ ಅಂಬವ್ವ, ಅವಳ ಗಂಡನ ಕಾಕಾ ನೀಲಕಂಠಪ್ಪ. ಹಿಂದಿನ ದಿನ ಮಿಲ್ಲಿಗೆ ಹೋದ ಅಂಬವ್ವನ ಗಂಡ ಈರಣ್ಣ ಮನೆಗೆ ಬಂದಿರಲಿಲ್ಲ. ಲೋಕಲ್ ಗಾಡಿಗೆ ಸಿಕ್ಕ ಹೆಣವೊಂದು ಒಳಗಿತ್ತು. ಮುಖ ಗುರುತು ಸಿಗುವಂತಿರಲಿಲ್ಲ.

ಅಂಗಿ ಈರಣ್ಣನದೇ. ತೋಳಿಗೆ ಹಾಕಿದ ಹೊಲಿಗೆ ತನ್ನದೆಂದು ಅಂಬವ್ವನೇ ಒಪ್ಪಿದಳು. ಆದರೆ ಕೊರಳಲ್ಲಿ ಲಿಂಗವಿರಲಿಲ್ಲ. ಹಳಿಯ ಮೇಲೂ ಸಿಕ್ಕಿರಲಿಲ್ಲ.

“ಗಾಡಿ ಬಡದಾಗ ದಾರ ಹರದು ಸಿಡದಿರತೈತಿ,” ಎಂದ ನೀಲಕಂಠಪ್ಪ. “ಲಿಂಗದ ಕರಡಿಗಿ ಬೆಳ್ಳೀದು, ಯಾರರ ಎತ್ತಿಕೊಂಡಿರತಾರ. ಅಂವ ಬದುಕ್ಯಾನ ಅಂತ ನಂಬಾಕ ಆಧಾರ ಇಲ್ಲವ್ವಾ.”

“ಅಂಗಿ ಯಾರಿಗರ ಕೊಟ್ಟಿರಬಹುದು ಮಾವಾರ,” ಎಂದಳು ಅಂಬವ್ವ. “ ಲಿಂಗ ಬಿಚ್ಚಿಟ್ಟು ಜಳಕಾ ಸೈತ ಮಾಡಿದವರಲ್ಲ ಅವ್ರು.”

ಕಚೇರಿಯಲ್ಲಿ ಗುಮಾಸ್ತಿಕೆ ಮಾಡಿ ಮಾಡಿ, ಆಧಾರವೆಂದರೆ ತನ್ನ ಮೇಜಿನ ಖಾನೆಯಲ್ಲಿರುವ ಸಾಮಾನು ಎಂದುಕೊಂಡಿದ್ದ ನೀಲಕಂಠಪ್ಪ. ನನಗೆ ಮೈಯೆಲ್ಲ ಉರಿಯಿತು.

ಹವಾಲ್ದಾರನಿಗೆ ಬೇಸರ ಬಂದಿತ್ತು. ಹೆಂಡತಿ ಅಲ್ಲ ಅನ್ನುತ್ತಾಳೆ, ಕಾಕಾ ಹೌದು ಅನ್ನುತ್ತಾನೆ, ಗುರುತಿನವಳು ನೀನು ಹೇಳು ಎಂದು ಮರಾಠಿಯಲ್ಲಿ ನನ್ನನ್ನು ಗದರಿಸಿದ. ಹೌದೆಂದರೆ ಇವತ್ತೇ ಅಂಬವ್ವನ ಬಳೆ ಒಡೆಯುತ್ತಾರೆ. ಅಲ್ಲವೆಂದರೆ ಹೆಣ ಮುನ್ಸಿಪಾಲಿಟಿಯ ಪಾಲು. ಅದು ಈರಣ್ಣನೇ ಆಗಿದ್ದರೆ ಅವನಿಗೆ ತನ್ನವರ ಒಂದು ಹಿಡಿ ಮಣ್ಣೂ ಸಿಗುವುದಿಲ್ಲ.

“ನೀವು ನೋಡಿದ್ದೆಲ್ಲಾ ನಾನೂ ನೋಡೀನಿ,” ಎಂದು ಅಂಬವ್ವ ನೀಲಕಂಠಪ್ಪನಿಗೆ ಹೇಳಿದಳು. “ನೋಡಿದ್ದರಾಗ ನಮಗ ಜಗಳಿಲ್ಲ. ನೀವು ಆಧಾರ ಇಲ್ಲ ಅಂದ್ರ, ‘ನಿನ್ನ ಜೋಡಿ ನಾ ನಿಲ್ಲೂದಿಲ್ಲ’ ಅಂದಂಗ.” ಆಮೇಲೆ ನನ್ನ ಕಡೆ ತಿರುಗಿದಳು. “ಚನ್ನಕ್ಕಾ, ನಾ ನಂಬೂದು ಸರಿ ಐತೇನು?”

ಅವಳಿಗಿಂತ ಹೆಚ್ಚಿನದೇನೂ ನನಗೆ ಗೊತ್ತಿರಲಿಲ್ಲ. ಸರಿ ಎಂದರೆ ಈರಣ್ಣನ ಸುದ್ದಿ ಹೇಳಿದಂತಲ್ಲ, ಇನ್ನು ಮೇಲೆ ನಾನೂ ಅವನು ಬದುಕಿದ್ದಾನೆಂದೇ ನಡೆದುಕೊಳ್ಳುತ್ತೇನೆಂದು ಮಾತು ಕೊಟ್ಟಂತೆ. ಹೆದರಿಕೆಯಾಯಿತು.

“ಸರಿ ಐತಿ,” ಎಂದೆ. ಒಳಗಿರುವವನು ಈರಣ್ಣನಲ್ಲ ಎಂದು ಹವಾಲ್ದಾರನಿಗೂ ಹೇಳಿದೆ.

ನೀಲಕಂಠಪ್ಪ ಮುಖ ತಿರುಗಿಸಿಕೊಂಡು ಹೋಗಿ ಟ್ರಾಮ್ ಹತ್ತಿದ. ಹೆಣವನ್ನು ಮುನ್ಸಿಪಾಲಿಟಿಯ ಗಾಡಿ ಒಯ್ದಿತು. ಅದರ ಹಿಂದೆ ನಾವು ಹೋಗಲಿಲ್ಲ, ನಮ್ಮವನಲ್ಲ ಎಂದ ಮೇಲೆ ಹೋಗುವಂತಿರಲಿಲ್ಲ.

ಸಂಜೆ ಅಂಬವ್ವ ರೊಟ್ಟಿ ಬಡಿಯುತ್ತಿದ್ದಳು. ನಾನು ಅವಳ ಹತ್ತಿರ ಕೂತಿದ್ದೆ. ಚಾಳಿನ ಮೆಟ್ಟಿಲ ಮೇಲೆ ಗಂಡಸಿನ ಹೆಜ್ಜೆ ಸಪ್ಪಳ ಕೇಳಿಸಿತು. ಅವಳಿಗಿಂತ ಮೊದಲು ಎದ್ದು ಬಾಗಿಲಿಗೆ ಓಡಿದವಳು ನಾನು.