ಗೋಡೆಯಾಚೆಯ ಕೊಂಬು

"ಆ ಕೆಮ್ಮು ನಿಲ್ಸಲೇ ಬೋಳೀಮಗ್ನೆ! ನಾನು ಮಾತಾಡ್ತಾ ಇದ್ರೆ ನಡುಮಧ್ಯೆ ನಾಯಿ ಬೊಗಳ್ದಂಗೆ ಬೊಗಳ್ತೀಯಲ್ಲ!"

ಕೋದಂಡಪ್ಪ ನಮ್ಮ ಮನೆ ಮುಂದಿನ ಚರಂಡಿಯ ಆಚೆ ನಿಂತು, ಹೆಗಲ ಮೇಲಿನ ವಲ್ಲಿಯನ್ನು ಮೂಗಿಗೆ ಒತ್ತಿಕೊಂಡು ಕೂಗುತ್ತಿದ್ದ. ಪೇಟೆಯ ಗಂಗಮ್ಮನ ಗುಡಿಗೆ ಧರ್ಮದರ್ಶಿ ಅವನು. ಗಣಿಯೊಳಗೆ ಬಂಡೆ ಕುಸಿಯದಂತೆ ಆನಿಸುವ ಮರದ ದಿಮ್ಮಿಗಳ ಕಂತ್ರಾಟೂ ಅವನದೇ. ಅಷ್ಟು ದೊಡ್ಡ ಮನುಷ್ಯ ಗಣಿಯವರು ಕೊಟ್ಟ ನಮ್ಮ ಕೂಲಿ ಲೈನಿನ ಮನೆಸಾಲಿಗೆ ಬಂದದ್ದು ಅದೇ ಮೊದಲು. ಬಂದ ಅನ್ನುವುದೂ ಪೂರ್ತಿ ನಿಜವಲ್ಲ, ಚರಂಡಿ ದಾಟಿರಲಿಲ್ಲ.

ನನ್ನ ಗಂಡ ಆಂಜಿನಪ್ಪ ಗೋಡೆ ಹಿಡಿದು ಎದ್ದು ನಿಲ್ಲಲು ನೋಡುತ್ತಿದ್ದ. ಕೆಮ್ಮು ನಿಲ್ಲಿಸುವುದು ಅವನ ಕೈಲಿದ್ದಿದ್ದರೆ ಹೋದ ಮಳೆಗಾಲದಲ್ಲೇ ನಿಲ್ಲಿಸಿರುತ್ತಿದ್ದ. ಮೀಸೆ ಮೊಳೆಯುವ ವಯಸ್ಸಿನಿಂದ ಭೂಮಿಯೊಳಗೆ ಮಿಷನ್ ಹಿಡಿದು ಬಂಡೆ ಕೊರೆದವನು. ಆ ಧೂಳೆಲ್ಲ ಎದೆಯೊಳಗೆ ಕೂತಿತ್ತು. ಉಸಿರೆಳೆದರೆ ಜರಡಿಯಲ್ಲಿ ಮರಳು ಆಡಿಸಿದ ಸದ್ದು.

"ಈ ಶುಕ್ರವಾರ ಪೂಜೆ ಆದ್ಮೇಲೆ ನಿಂಗೆ ಸನ್ಮಾನ," ಅಂದ ಕೋದಂಡಪ್ಪ. "ಜೀವಮಾನವೆಲ್ಲ ಅಮ್ಮನ ಸೇವೆ ಮಾಡ್ದೋರ್ಗೆ ಮರ್ಯಾದೆ ಮಾಡ್ಬೇಕು ಅಂತ ತೀರ್ಮಾನ ಆಗೈತೆ. ಕೇರಿಯೋರ ಪೈಕಿ ನಿನ್ನೊಬ್ಬನ್ನ ಸೇರಿಸಿದೀವಿ. ಕಾಲ ಅಂಗೈತೆ, ಏನ್ಮಾಡೋದು. ದೊಡ್ಡ ಡಾಕ್ಟ್ರು ಬತ್ತಾರೆ, ಶಾಲು ಕೊಡ್ತಾರೆ. ಮಿಂದು ಮಡಿಯಾಗಿ ಬಾ. ಕೊಂಬು ತತ್ತಾ. ಅವತ್ತು ನಸುಕಿನಾಗೆ ಊದ್ಬ್ಯಾಡ, ಎಲ್ಲರ ಮುಂದೆ ಒಂದ್ಸಲ ಊದಿ ತೋರಿಸ್ಬೇಕು."

"ಸಾಮೀ, ಎದೆಯಾಗೆ ದಮ್ಮಿಲ್ಲ..."

"ಓದ್ ಶುಕ್ರವಾರ ಊದಿದ್ದು ನಿಮ್ಮಪ್ಪನೇನ್ಲಾ?" ಅಂದು ಅವನು ಹೊರಟೇ ಹೋದ.

ನಾನು ಒಲೆ ಮುಂದೆ ಮುದ್ದೆ ತಿರುವುತ್ತಿದ್ದೆ. ಡಾಕ್ಟರ ಹೆಸರು ಬಿದ್ದಾಗ ನನ್ನ ಕೈ ನಿಂತಿತು. ಮುದ್ದೆ ತಳ ಹಿಡಿಯಿತು.

ಯಾಕೆಂದರೆ ನಮ್ಮ ಮನೆ ಗಣಿ ಆಸ್ಪತ್ರೆಯ ಆ ಡಾಕ್ಟರ ಬಾಯಲ್ಲಿತ್ತು. ಗಣಿ ಧೂಳಿನ ಕಾಯಿಲೆ ಅಂತ ಅವರು ಹೇಳಿದರೆ ಕೂಲಿಯವನು ಬದುಕಿರುವ ತನಕ ಲೈನಿನ ಮನೆ ಅವನದು. ಬೀಡಿ ಕೆಮ್ಮು ಅಂದರೆ ಪಾತ್ರೆ ಪಗಡ ಬೀದಿಗೆ. ಮನೆ ಅಂದರೆ ಮಹಾ ಏನಲ್ಲ, ಸುತ್ತ ಬಿದಿರು ತಟ್ಟಿ, ಮೇಲೆ ತಗಡು. ಆದರೆ ಅದು ಹೋದರೆ ನಮಗೆ ಬಂಗಾರಪೇಟೆ ಸ್ಟೇಷನ್ನಿನ ಕಲ್ಲುಬೆಂಚೇ ಗತಿ. ಕಾಮಸಮುದ್ರದ ಕಡೆ ನಮ್ಮ ಹಳ್ಳಿಯಲ್ಲಿ ಗುಡಿಸಲಿದ್ದ ಜಾಗ ಈಗ ಪಟೇಲನ ಹುಣಸೆ ತೋಪಿಗೆ ಸೇರಿಹೋಗಿದೆ. ದೊರೆಗಳು ಹೋದರು, ಗಣಿ ನಮ್ಮ ಸರ್ಕಾರದ ಕೈಗೆ ಬಂತು, ಇನ್ನು ನಮ್ಮದೇ ರಾಜ್ಯ ಅಂತ ಬಾವುಟ ಹಾರಿಸಿ ಲಾಡು ಹಂಚಿದ್ದರು. ಲಾಡು ಚೆನ್ನಾಗಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ.

ಗಂಡನನ್ನು ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋಗಿದ್ದೆ. ಡಾಕ್ಟರ ಕೊರಳಲ್ಲಿ ಕೊಳವೆ ನೇತಾಡುತ್ತಿತ್ತು. ಅದನ್ನು ಅವರು ನನ್ನ ಗಂಡನ ಎದೆಗೆ ಇಡಲಿಲ್ಲ. ಮೇಜಿನ ಆಚೆಯಿಂದಲೇ ಕೇಳಿದರು:

"ಗಂಗಮ್ಮನ ಗುಡಿಗೆ ಕೊಂಬು ಊದುವವನು ನೀನೇ ಅಲ್ಲವೇನಯ್ಯಾ?"

"ಹೌದು ಸಾಮಿ."

"ಶುಕ್ರವಾರ ಬೆಳಗಾದರೆ ನನ್ನ ಬಂಗಲೆಗೆ ಕೇಳಿಸುತ್ತೆ. ನಿದ್ದೆ ಕೆಡಿಸ್ತೀಯ ಮಾರಾಯ! ಅಷ್ಟು ಊದೋ ಎದೆಗೆ ಎಂಥ ಕಾಯಿಲೆ? ಬೀಡಿ ಬಿಡು, ಸರಿಹೋಗುತ್ತೆ."

ಕಾಂಪೌಂಡರ್ ನಕ್ಕ. ಕಾಗದದಲ್ಲಿ ಅವರು ಇನ್ನೂ ಏನೂ ಬರೆದಿರಲಿಲ್ಲ, ನಾವು ಎದ್ದು ಬಂದೆವು. ನನ್ನ ಗಂಡ ಹುಟ್ಟಿದಾಗಿನಿಂದ ಬೀಡಿ ಮುಟ್ಟಿದವನಲ್ಲ.

ಆ ಶುಕ್ರವಾರಗಳಲ್ಲಿ ಊದುತ್ತಿದ್ದವಳು ನಾನು.

ನಮ್ಮಪ್ಪ ಕೊಂಬಿನವನು. ಕೊಂಬಿಗೆ ಹುಣಸೆಹಣ್ಣು ಹಾಕಿ ತಿಕ್ಕುವ ಕೆಲಸ ನನ್ನದು. ತಿಕ್ಕುತ್ತಾ ತಿಕ್ಕುತ್ತಾ ಯಾರೂ ಇಲ್ಲದಾಗ ಬಾಯಿಗಿಟ್ಟು ಕಲಿತೆ. ಹೆಂಗಸು ಊದಿದರೆ ಅಮ್ಮ ಕಣ್ಣು ಮುಚ್ಚುತ್ತಾಳೆ, ಊರಿಗೆ ಸಿಡುಬು ಬರುತ್ತದೆ ಅಂತ ನಮ್ಮವರೇ ಹೇಳುತ್ತಿದ್ದರು. ಬರಲಿಲ್ಲ. ಮದುವೆಯಲ್ಲಿ ಅಪ್ಪ ಆ ಕೊಂಬನ್ನು ಅಳಿಯನಿಗೆ ಕೊಟ್ಟ. ಅವನು ಶಿಫ್ಟು ಮುಗಿಸಿ ಬಂದು, ಮಣ್ಣು ತೊಳೆದುಕೊಂಡು, ವಾರಕ್ಕೊಮ್ಮೆ ನಸುಕಿನಲ್ಲಿ ಅಮ್ಮನಿಗೆ ಊದಿದ. ಬದಲಿಗೆ ವರ್ಷಕ್ಕೊಂದು ಪಂಚೆ, ಹಬ್ಬಕ್ಕೆ ಅನ್ನ. ಕೆಮ್ಮು ಹತ್ತಿದ ಮೇಲೆ ಅವನ ಕೈಲಾಗಲಿಲ್ಲ. ಊದದಿದ್ದರೆ ಸೇವೆ ಬೇರೆಯವರಿಗೆ ಹೋಗುತ್ತದೆ ಅಂತ ಅವನು ಕೂತು ಅತ್ತ. ನಾನು ಕೊಂಬು ತೆಗೆದುಕೊಂಡು ಹೋದೆ.

ಯಾರಿಗೂ ತಿಳಿಯಲಿಲ್ಲ. ತಿಳಿಯುವುದಾದರೂ ಹೇಗೆ? ನಮ್ಮವರು ಗುಡಿಯ ಆವರಣಕ್ಕೆ ಕಾಲಿಡುವಂತಿಲ್ಲ. ಹಿಂಬದಿ ಗೋಡೆಯ ಆಚೆ, ಬೇವಿನ ಮರದಡಿ ನಿಂತು ಊದಬೇಕು. ಒಳಗೆ ಪೂಜಾರಿ ಕೊಂಬು ಕೇಳಿಸಿಕೊಂಡು ಮಂಗಳಾರತಿ ಎತ್ತುತ್ತಾನೆ. ಗೋಡೆಯಾಚೆ ಇರುವುದು ಗಂಡೋ ಹೆಣ್ಣೋ, ಕತ್ತೆಯೋ, ಯಾರೂ ಇಣುಕಿ ನೋಡಿದವರಲ್ಲ.

ಗುರುವಾರ ಸಂಜೆ ಆರುಮುಗಂ ಬಂದ. ನನ್ನ ಗಂಡನ ಜೊತೆ ಒಂದೇ ಮಿಷನ್ನಿಗೆ ಕೈ ಕೊಟ್ಟವನು, ಪಕ್ಕದ ಮನೆಯವನು. ವಿಷಯ ಗೊತ್ತಿದ್ದದ್ದು ಅವನೊಬ್ಬನಿಗೆ.

"ಊದಬ್ಯಾಡ ಅಣ್ಣೆ," ಅಂದ. "ಊದಿದ್ರೆ ಡಾಕ್ಟ್ರು ಎದೆ ಗಟ್ಟಿ ಅಂತಾರೆ. ಮನೆ ಪೋಚ್ಚು, ಹೋಯ್ತು ಅಂತ್ಲೇ."

"ಊದೋಕೆ ಬಂದ್ರೆ ತಾನೇ," ಅಂದ ನನ್ನ ಗಂಡ.

"ನಿಜ ಹೇಳ್ಬಿಡಾನ," ಅಂದೆ ನಾನು. "ನಾನೇ ಊದ್ತಿದ್ದೆ ಅಂತ."

"ಎಂಗಸಿನ ಎಂಜಲು ಊದು ಅಮ್ಮನಿಗೆ ಕೇಳಿಸಿದ್ದೀರಿ ಅಂತ ಲೈನಿಗೇ ಬೆಂಕಿ ಇಕ್ತಾರೆ ಕಣೇ. ಸುಮ್ಕಿರು," ಅಂದ ನನ್ನ ಗಂಡ.

ಅತ್ತ ದರಿ, ಇತ್ತ ಪುಲಿ. ನನಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಒಳಗೆಲ್ಲ ಜೋಮು ಹಿಡಿದ ಹಾಗಿತ್ತು. ಹುಣಸೆಹಣ್ಣು ತಗೊಂಡು ಕೊಂಬು ತಿಕ್ಕುತ್ತಾ ಕೂತೆ.

ಶುಕ್ರವಾರ ಗುಡಿಯ ಮುಂದೆ ಚಪ್ಪರ ಹಾಕಿದ್ದರು. ಜಗಲಿಯ ಮೇಲೆ ಕುರ್ಚಿಗಳು. ಪುರಾಣ ಓದುವ ಮೇಷ್ಟ್ರು ಒಂದರಲ್ಲಿ, ಅನ್ನದಾನ ಮಾಡಿಸಿದ ಸೆಟ್ಟರು ಇನ್ನೊಂದರಲ್ಲಿ. ನಡುವೆ ಡಾಕ್ಟರು. ನನ್ನ ಗಂಡನಿಗೆ ಮೆಟ್ಟಿಲ ಕೆಳಗೆ ಗೋಣಿಚೀಲ ಹಾಸಿದ್ದರು. ನಾವು ಲೈನಿನವರು ಹಗ್ಗದ ಈಚೆ ನೆಲದ ಮೇಲೆ.

ಮೇಷ್ಟ್ರಿಗೂ ಸೆಟ್ಟರಿಗೂ ಡಾಕ್ಟರು ಹೆಗಲ ಮೇಲೆ ಶಾಲು ಹೊದಿಸಿದರು. ಮೂರನೆಯ ಶಾಲು ಹಿಡಿದು ಮೆಟ್ಟಿಲು ಇಳಿಯಲು ಹೋದಾಗ ಕೋದಂಡಪ್ಪ ಅಡ್ಡ ಬಂದ. "ನೀವ್ಯಾಕೆ ಬುದ್ಧಿ ಇಳೀತೀರಿ, ಮೆಟ್ಲ ಮೇಲೆ ಮಡಗಿ. ಅವನೇ ಒದ್ಕೊಂತಾನೆ."

ನನ್ನ ಗಂಡ ಮೆಟ್ಟಿಲಿನಿಂದ ಶಾಲು ಎತ್ತಿಕೊಂಡು ತಾನೇ ಹೊದ್ದುಕೊಂಡ. ಜನ ಚಪ್ಪಾಳೆ ತಟ್ಟಿದರು. ಅವನು ಆ ಕಡೆ ಈ ಕಡೆ ಕೈಮುಗಿದ. ಮುಖದಲ್ಲಿ ಒಂಚೂರು ಸಂತೋಷ ಕಂಡಿತು.

ಡಾಕ್ಟರು ಭಾಷಣ ಮಾಡಿದರು. "ಗಣಿ ಕೆಲಸದಿಂದ ಎದೆ ಹಾಳಾಗುತ್ತೆ ಅಂತ ಕೆಲವರು ಪುಕಾರು ಎಬ್ಬಿಸುತ್ತಿದ್ದಾರೆ. ಈ ಆಂಜಿನಪ್ಪನನ್ನು ನೋಡಿ. ಅಷ್ಟು ಕಾಲ ಭೂಮಿಯೊಳಗೆ ದುಡಿದು ಇವತ್ತಿಗೂ ಕೊಂಬು ಊದುತ್ತಾನೆ. ಇದಕ್ಕಿಂತ ಬೇರೆ ಸಾಕ್ಷಿ ಬೇಕೇ? ಎಲ್ಲಿ, ಊದಪ್ಪಾ."

ಅವನು ಕೊಂಬು ಎತ್ತಿದ. ಸುಯ್ಯೆಂದು ಗಾಳಿ ಬಂತು, ಅಷ್ಟೆ. ಮತ್ತೆ ಎತ್ತಿದ. ಕೆನ್ನೆ ಉಬ್ಬಿತು, ಕೊರಳ ನರ ಎದ್ದಿತು. ಸದ್ದಿಲ್ಲ. ಕೆಮ್ಮು ಒತ್ತರಿಸಿ ಬಂದು ಎರಡಾಗಿ ಮಡಚಿಕೊಂಡು ಕೂತ. ಹೊಸ ಶಾಲಿನ ಮೇಲೆ ಕೆಂಪು ಬಿತ್ತು.

"ನಾಟ್ಕ!" ಕೋದಂಡಪ್ಪ ಕಿರುಚಿದ. "ಮನೆ ಉಳಿಸ್ಕೊಳ್ಳಾಕೆ ನಾಟ್ಕ ಆಡ್ತಾವ್ನೆ ಲೌಡಿಮಗ! ಎಲೆಯಡಿಕೆ ಉಗುಳಿ ರಕ್ತ ಅಂತಾನೆ. ಓದ್ ವಾರ ಊದಿದ್ನಲ್ಲ!"

"ಹೌದು, ನಾನೇ ಕೇಳಿದ್ದೇನೆ," ಅಂದರು ಡಾಕ್ಟರು. ನಗುತ್ತಲೇ ಇದ್ದರು. "ಇವನದು ಬೀಡಿ ಕೆಮ್ಮು, ಇಲ್ಲದಿದ್ದರೆ ಕಳ್ಳ ಕೆಮ್ಮು. ನಾಳೆಯೇ ಬರೆದು ಕಳಿಸ್ತೀನಿ."

ಊದಿದರೂ ಮನೆ ಹೋಗುತ್ತಿತ್ತು. ಊದಲಾಗದೆ ಬಿದ್ದರೂ ಹೋಯಿತು.

ನಾನು ಎದ್ದೆ. ಹಗ್ಗದ ಕೆಳಗೆ ನುಸುಳಿದೆ. ಗಂಡನ ಕೈಯಿಂದ ಕೊಂಬು ತಗೊಳ್ಳಲು ಹೋದರೆ ಅವನು ಬಿಗಿಯಾಗಿ ಹಿಡಿದ.

"ಬ್ಯಾಡ ಕಣೇ," ಅಂದ. "ಸಾಯಿಸ್ಬಿಡ್ತಾರೆ."

"ಬಿಡು," ಅಂದೆ. "ಈಗೇನು ಬದುಕಿಸವ್ರಾ?"

ಬಿಟ್ಟ. ಕೊಂಬಿನ ಬಾಯಿಗೆ ಹತ್ತಿದ್ದ ಅವನ ರಕ್ತವನ್ನು ಸೆರಗಿನಿಂದ ಒರೆಸಿ, ಶುಕ್ರವಾರದ ಆ ಊದನ್ನೇ ಊದಿದೆ. ಮೊದಲು ತಗ್ಗಿನಲ್ಲಿ, ಆಮೇಲೆ ಏರಿಸಿ, ಆಮೇಲೆ ಇನ್ನೂ ಏರಿಸಿ.

ಚಪ್ಪರದಲ್ಲಿದ್ದವರ ಕೈಗಳು ಅಭ್ಯಾಸಬಲದಿಂದ ಮುಗಿದುಕೊಂಡವು. ಸೆಟ್ಟರು ಕಣ್ಣುಮುಚ್ಚಿ ಕೆನ್ನೆ ಬಡಿದುಕೊಂಡರು. ಒಳಗೆ ಪ್ರಸಾದ ಕಟ್ಟುತ್ತಿದ್ದ ಪೂಜಾರಿ ಏನೂ ನೋಡದೆ ಗಂಟೆ ಬಾರಿಸಿ ಮಂಗಳಾರತಿ ಎತ್ತಿಬಿಟ್ಟ.

ನಾನು ಕೊಂಬು ಇಳಿಸಿದೆ. "ಓದ್ ಶುಕ್ರವಾರ ಊದಿದ್ದು ನಾನು ಸಾಮಿ. ಅದರ ಇಂದ್ಲ ಶುಕ್ರವಾರನೂ ನಾನೇ. ಇವನ ಎದೆಯಾಗೆ ಏನೂ ಉಳಿದಿಲ್ಲ. ನಿಮ್ಮ ಕೊಳವೆ ಇಟ್ಟು ನೋಡಿ."

ಪೂಜಾರಿ ಹೊರಗೆ ಓಡಿ ಬಂದ. "ಅಯ್ಯೋ ಮೈಲಿಗೆ! ನೀರು ತನ್ರೋ, ನೀರು!"

"ಕೇರಿ ಮುಂಡೆ! ಅಮ್ಮನ್ನೇ ಮುಟ್ಟಿಸ್ಬಿಟ್ಯಲ್ಲೇ!" ಅಂತ ಕೋದಂಡಪ್ಪ ಕೈಯೆತ್ತಿ ಇಳಿದು ಬಂದ. ನಾನು ಕೊಂಬನ್ನು ಅವನ ಎದೆಗೆ ನೇರವಾಗಿ ಹಿಡಿದು ನಿಂತೆ. ಅವನು ನಿಂತ. ಹೊಡೆಯಬೇಕಾದರೆ ನನ್ನನ್ನು ಮುಟ್ಟಬೇಕಿತ್ತಲ್ಲ.

ಡಾಕ್ಟರು ಗಡಿಯಾರ ನೋಡಿಕೊಂಡು ಎದ್ದರು. ಸರಸರ ನಡೆದು ಕಾರು ಹತ್ತಿ ಬಾಗಿಲು ಹಾಕಿಕೊಂಡರು. ಮುಂದಿನ ಸೀಟಿನ ಮೇಲೆ ಅವರ ಕೊಳವೆ ಸುರುಳಿಯಾಗಿ ಬಿದ್ದಿತ್ತು.

"ಆರುಮುಗಂ!" ಅಂತ ಕೂಗಿದೆ.

ಅವನು ಆಗಲೇ ಹಗ್ಗ ಕಿತ್ತು ಎಸೆದಿದ್ದ. ನನ್ನ ಗಂಡನನ್ನು ಬೆನ್ನ ಮೇಲೆ ಹೊತ್ತು ತಂದು ಕಾರಿನ ಮುಂದೆ ನೆಲದ ಮೇಲೆ ಕೂರಿಸಿದ. ಲೈನಿನ ಹೆಂಗಸರು ಬಂದು ಸುತ್ತ ನಿಂತರು. ಗಂಡಸರೂ ಬಂದರು. ಹಿಂದೆ ಗುಡಿಯ ಮೆಟ್ಟಿಲಿಗೆ ಕೊಡಗಟ್ಟಲೆ ನೀರು ಸುರಿಯುತ್ತಿದ್ದರು. ಆ ನೀರು ಹರಿದು ಬಂದು ನಮ್ಮ ಕಾಲ ಕೆಳಗೆ ಕೆಸರಾಯಿತು.

"ಎದೆ ಮುಟ್ಟಿ ನೋಡಿ ಸಾಮಿ," ಅಂದೆ. "ಆಮೇಲೆ ಏನಾದ್ರೂ ಬರ್ಕೊಳ್ಳಿ."

ಡಾಕ್ಟರು ಗಾಜು ಏರಿಸಿಕೊಂಡರು. ಡ್ರೈವರು ಹಾರನ್ ಒತ್ತಿದ. ನನ್ನ ಗಂಡ ಕೆಸರಿನಲ್ಲಿ ಕೂತು, ಶಾಲನ್ನು ಬಾಯಿಗೆ ಒತ್ತಿಕೊಂಡು ಕೆಮ್ಮುತ್ತಿದ್ದ. ಡ್ರೈವರು ಮತ್ತೆ ಹಾರನ್ ಒತ್ತಿದ.

ನಾನು ಕೊಂಬು ಎತ್ತಿದೆ.