ಅಮೀರ ಪಾಶಾನ ಮುಖ

ಫೋಟೊ ತೆಗೆಯುವುದನ್ನು ಹೊಟ್ಟೆಪಾಡು ಮಾಡಿಕೊಂಡವನಿಗೂ ಹುಚ್ಚು ಹಿಡಿಸಿಕೊಂಡವನಿಗೂ ಏನು ವ್ಯತ್ಯಾಸ ಎಂದು ಪೊಲೀಸ್ ಆಕ್ಷನ್ನಿಗೆ ಮೊದಲು ಯಾರಾದರೂ ಕೇಳಿದ್ದರೆ ನನ್ನ ಹತ್ತಿರ ಉತ್ತರ ಸಿದ್ಧವಿತ್ತು. ಹೊಟ್ಟೆಪಾಡಿನವನು ಸುಳ್ಳು ತೆಗೆಯುತ್ತಾನೆ, ಹುಚ್ಚಿನವನು ನಿಜ ತೆಗೆಯುತ್ತಾನೆ. ನಾನು ಎರಡನೆಯವನು. ಈಗ ಕೇಳಿದರೆ ತಲೆ ಕೆರೆದುಕೊಳ್ಳುತ್ತೇನೆ.

ಬೀದರಿನ ಗಂಜದಲ್ಲಿ ನಮ್ಮದು ತೊಗರಿಯ ಅಡತಿ ಅಂಗಡಿ. ಸೋಲಾಪುರದ ಸೋದರಮಾವ ಕೊಟ್ಟ ಡಬ್ಬಿ ಕ್ಯಾಮರಾ ಕೊರಳಿಗೆ ಬಿದ್ದ ದಿನದಿಂದ ನಾನು ಅಂಗಡಿಗೆ ದಂಡ ಎಂದು ಅಪ್ಪ ಬಂದವರ ಮುಂದೆಲ್ಲ ಹೇಳುತ್ತಿದ್ದರು. ಹಮಾಲರು ಚೀಲ ಇಳಿಸುವಾಗ ಏಳುವ ಧೂಳಿನ ಮೇಲೆ ಬಿಸಿಲು ಬಿದ್ದರೆ ಸಾಕು, ತಕ್ಕಡಿ ಬಿಟ್ಟು ಓಡುತ್ತಿದ್ದೆ. "ನಮ್ಮ ಶಿವರಾಜ ಧೂಳಿನ ಫೋಟೊ ತಗೀತಾನ್ರಿ, ಮಂದಿದು ಆಗಂಗಿಲ್ಲ ಅವಗ" ಎಂದು ಅಪ್ಪ ನಗುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು, ಆದರೆ ಧೂಳಿನ ಫೋಟೊ ಚೆನ್ನಾಗಿ ಬಂದಿದ್ದರಿಂದ ಸುಮ್ಮನಿರುತ್ತಿದ್ದೆ.

ನನ್ನ ರೀಲು ತೊಳೆದು ಕೊಡುತ್ತಿದ್ದವರು ಚೌಬಾರದ ಹತ್ತಿರ ಸ್ಟುಡಿಯೊ ಇಟ್ಟಿದ್ದ ಸಲಾವೋದ್ದೀನ ಚಾಚಾ. ಅವರ ಸ್ಟುಡಿಯೊ ಎಂದರೆ ಒಂದು ಕುರ್ಚಿ, ಕೆರೆ ಮತ್ತು ಮೆಟ್ಟಿಲು ಬರೆದ ಒಂದು ಪರದೆ, ಮೂರು ಕಾಲಿನ ಮೇಲೆ ನಿಂತ ದೊಡ್ಡ ಕ್ಯಾಮರಾ, ಅದರ ಮೇಲೊಂದು ಕರಿ ಬಟ್ಟೆ. ಕೆಲಸಕ್ಕೆ ನಿಂತರೆ ಚಸ್ಮಾ ತೆಗೆದು ಕಿಸೆಗೆ ಹಾಕಿ ಬಟ್ಟೆಯೊಳಗೆ ತಲೆ ತೂರಿಸುವರು. ಆಮೇಲೆ ಮೊನಚು ಪೆನ್ಸಿಲ್ ಹಿಡಿದು ಗಾಜಿನ ನೆಗೆಟಿವ್ ತಿದ್ದುವರು. ನೆಗೆಟಿವ್ ಮೇಲೆ ಪೆನ್ಸಿಲ್ ಆಡಿದಲ್ಲಿ ಫೋಟೊದಲ್ಲಿ ಬೆಳಕು ಬರುತ್ತದೆ. ಮೈಲಿಬೇನೆಯ ಕಲೆ ಹೋಗುತ್ತದೆ, ಗಲ್ಲ ತುಂಬುತ್ತದೆ, ಮೂಗು ನೆಟ್ಟಗಾಗುತ್ತದೆ. ಅವರ ಕೈಯಲ್ಲಿ ಗಂಜದ ಸಾಹುಕಾರರೆಲ್ಲ ಒಂದೇ ತಾಯಿಯ ಮಕ್ಕಳ ಹಾಗೆ ಕಾಣುತ್ತಿದ್ದರು. ನಾನು ಅದನ್ನೇ ಆಡಿಕೊಂಡರೆ ಚಾಚಾ ಬೇಸರ ಮಾಡಿಕೊಳ್ಳುತ್ತಿರಲಿಲ್ಲ.

"ನಿಂದು ಶೌಕು, ತಮ್ಮಾ. ನಿನಗ ಏನ ಬೇಕೋ ಅದಕ್ಕ ತಗೀತಿ. ನಂದು ಧಂಧಾ. ಅವರಿಗಿ ಏನ ಬೇಕೋ ಅದು ಕೊಡ್ತೇನಿ. ಮಾರಿ ಮ್ಯಾಲಿನ ಕಲಿ ಯಾರಿಗಿ ಬೇಕು?"

"ಹಾಂಗಂದ್ರ ಅದು ಅವರ ಫೋಟೊ ಹ್ಯಾಂಗ ಆಗ್ತದ್ರಿ ಚಾಚಾ?"

"ಮನ್ಯಾಗ ಗ್ವಾಡಿಗಿ ಹಾಕ್ತಾರಲ್ಲ, ಅವರದೇ."

ಇಷ್ಟು ಜಗಳ ನಮ್ಮ ನಡುವೆ ವಾರಕ್ಕೊಮ್ಮೆ ಇದ್ದೇ ಇರುತ್ತಿತ್ತು. ಪೊಲೀಸ್ ಆಕ್ಷನ್ ಆಗಿ ನಿಜಾಮನ ಫೌಜು ಕೈಚೆಲ್ಲಿದ ವಾರ ಅದೂ ನಿಂತುಹೋಯಿತು. ಚಾಚಾ ಸ್ಟುಡಿಯೊಗೆ ಬೀಗ ಜಡಿದು ಮನೆಯಲ್ಲಿ ಕುಳಿತರು. ಬೀಗ ತೆಗೆದಾಗ ಅವರ ಗಡ್ಡ ಬೆಳ್ಳಗಾಗಿತ್ತು, ಅವರ ತಮ್ಮ ಅಮೀರ ಪಾಶಾನ ಸುದ್ದಿ ಇರಲಿಲ್ಲ.

ಅಮೀರ ಪಾಶಾ ಇದ್ದದ್ದು ಭಾಲ್ಕಿಯಲ್ಲಿ, ನನ್ನ ಅಕ್ಕ ಕಸ್ತೂರಿಬಾಯಿಯ ಮನೆಯ ಓಣಿಯಲ್ಲೇ. ಸೈಕಲ್ಲಿನ ಹಿಂದೆ ಸೀರೆಯ ಗಂಟು ಕಟ್ಟಿಕೊಂಡು ಔರಾದ್, ಕಮಲನಗರದ ಸಂತೆಗಳಿಗೆ ಹೋಗಿ ಮಾರುತ್ತಿದ್ದ. ಆ ವಾರವೂ ಔರಾದಿನ ಕಡೆಗೇ ಹೋಗಿದ್ದ. ಹಳ್ಳಿ ಹಳ್ಳಿಯಲ್ಲಿ ಮುಸಲ್ಮಾನರ ಮೇಲೆ ಸೇಡು ತೀರಿಸಿಕೊಳ್ಳುತ್ತಿದ್ದ ಆ ವಾರ ದಾರಿಯಲ್ಲಿದ್ದವರು ಬಹಳ ಮಂದಿ ಮನೆ ಮುಟ್ಟಲಿಲ್ಲ. ಯಾರು ಸತ್ತರು, ಯಾರು ಗಡಿ ದಾಟಿ ಓಡಿಹೋದರು, ಯಾರು ಅಂಜಿ ಹೆಸರು ಬದಲಿಸಿಕೊಂಡು ಎಲ್ಲೋ ಅಡಗಿದರು ಎಂದು ಹೇಳುವವರಿರಲಿಲ್ಲ. ಕೇಳುವುದಕ್ಕೂ ಜನ ಹೆದರುತ್ತಿದ್ದರು.

ಚಳಿಗಾಲದಲ್ಲಿ ಒಂದು ದಿನ ಅವನ ಹೆಂಡತಿ ಖುರ್ಷಿದ ಬೇಗಂ ಸ್ಟುಡಿಯೊಗೆ ಬಂದಳು. ನಾನೂ ಅಲ್ಲೇ ಇದ್ದೆ. ಭಾಲ್ಕಿಯ ಓಣಿಯಲ್ಲಿ ಬೆಳೆದವಳು, ಮೈದುನ ಭಾವಂದಿರ ಜೊತೆಗೂ ಅವಳದು ಕನ್ನಡವೇ.

"ಭಾಯಿಜಾನ್, ಅವರ ಒಂದು ಫೋಟೊ ಕೊಡ್ರಿ. ಹೆಸರ ಹೇಳಿ ಕೇಳಿದರ ಯಾರಿಗೂ ಗುರ್ತ ಹತ್ತಲ್ಲ. ಮಾರಿ ತೋರ್ಸಬೇಕು. ಔರಾದಕ್ಕ ಹೋಗಿ ಒಬ್ಬೊಬ್ಬರಿಗಿ ತೋರಿಸಿ ಕೇಳ್ತೇನಿ."

ಚಾಚಾ ತಲೆ ತಗ್ಗಿಸಿದರು. ಇಡೀ ಬೀದರಿನ ಮದುವೆ, ಮುಂಜಿ, ಸಾವಿನ ಫೋಟೊ ತೆಗೆದವರ ಹತ್ತಿರ ಒಡಹುಟ್ಟಿದ ತಮ್ಮನ ಒಂದು ಫೋಟೊ ಇರಲಿಲ್ಲ. "ಮನಿ ಮಂದಿ ಫೋಟೊ ನಾಳಿಗಿ ತಗದರಾಯ್ತು ಅಂತ ಬಿಟ್ಟೆ, ಬೇಟಿ. ಕೇಳಿದವರಿಗೇ ತಗ್ಯೋದು ರೂಢಿ ಆಗ್ಯಾದ" ಎಂದರು.

ಹಿಂದಿನ ವರ್ಷ ಅಕ್ಕನ ಮನೆಗೆ ಹೋದಾಗ, ಭಾಲ್ಕಿ ಕೋಟೆಯ ಬಾಗಿಲಲ್ಲಿ ಸೈಕಲ್ ಹಿಡಿದು ನಿಂತಿದ್ದ ಅಮೀರ ಪಾಶಾನ ಫೋಟೊ ನಾನು ತೆಗೆದಿದ್ದೆ. ನನ್ನ ಫೋಟೊಗಳಲ್ಲೆಲ್ಲ ನನಗೆ ಪ್ರೀತಿಯದು ಅದೇ. "ನನ್ನ ಹಂತ್ಯಾಕ ಅದ" ಎಂದು ಓಡಿದೆ. ಓಡುವಾಗ ಖುಷಿಯಾಗಿತ್ತು, ಸುಳ್ಳೇಕೆ ಹೇಳಲಿ. ಹುಚ್ಚಿನವನ ಫೋಟೊ ಒಂದು ಸಂಸಾರಕ್ಕೆ ಆಸರೆಯಾಗುವುದಿತ್ತು, ಹೊಟ್ಟೆಪಾಡಿನವರು ಕೈ ಕಟ್ಟಿ ನೋಡುವುದಿತ್ತು.

ಖುರ್ಷಿದ ಬೇಗಂ ಫೋಟೊ ಹಿಡಿದು ಬಾಗಿಲಿಗೆ ಹೋದಳು. ಬೆಳಕಿಗೆ ಹಿಡಿದಳು, ಓರೆ ಮಾಡಿದಳು, ಸೆರಗಿನಿಂದ ಒರೆಸಿದಳು.

"ಮಾರಿ ಎಲ್ಲದ ಶಿವರಾಜಣ್ಣ?"

ಫೋಟೊದಲ್ಲಿ ಎಳೆ ಬಿಸಿಲಿತ್ತು. ಸೈಕಲ್ಲಿನ ಕಡ್ಡಿ ಕಡ್ಡಿಯೂ ಹೊಳೆಯುತ್ತಿತ್ತು, ಚಕ್ರದ ನೆರಳು ಕೋಟೆಯ ಕಲ್ಲಿನ ಮೇಲೆ ಉದ್ದಕ್ಕೆ ಬಿದ್ದಿತ್ತು. ಮನುಷ್ಯ ಸೂರ್ಯನಿಗೆ ಬೆನ್ನು ಮಾಡಿ ನಿಂತಿದ್ದ. ರುಮಾಲಿನ ಅಂಚು ಬೆಳ್ಳಗೆ, ಅದರ ಕೆಳಗೆ ಇರಬೇಕಾದದ್ದೆಲ್ಲ ಕಪ್ಪು.

ಚಾಚಾ ಚಸ್ಮಾ ಏರಿಸಿ ನೋಡಿದರು. "ಸೈಕಲ್ ಭಾಳ ಛಲೋ ಬಂದದ, ತಮ್ಮಾ" ಎಂದರು. ಕುಟುಕಬೇಕೆಂದು ಅಂದದ್ದಲ್ಲ. ಅದಕ್ಕೇ ಇನ್ನೂ ಹೆಚ್ಚು ನೋವಾಯಿತು. ಆದರೂ ಹೇಳುತ್ತೇನೆ, ಅದು ಒಳ್ಳೆಯ ಫೋಟೊ. ಅವನು ಕಳೆದುಹೋಗುತ್ತಾನೆ ಎಂದು ನನಗೆ ಹೇಗೆ ಗೊತ್ತಾಗಬೇಕಿತ್ತು?

ಖುರ್ಷಿದ ಬೇಗಂ ಸ್ವಲ್ಪ ಹೊತ್ತು ಕೆರೆಯ ಪರದೆಯನ್ನೇ ನೋಡುತ್ತ ಕುಳಿತಳು. ಆಮೇಲೆ, "ನೀವು ತಿದ್ದತೀರಲ್ಲ ಭಾಯಿಜಾನ್, ಎಲ್ಲಾರದೂ. ಅವರದೂ ತಿದ್ದರಿ. ನಿಮಗ ಅವರ ಮಾರಿ ಗೊತ್ತದಲ್ಲ" ಎಂದಳು.

ಚಾಚಾ ನನ್ನ ಪುಟ್ಟ ನೆಗೆಟಿವ್ ತೆಗೆದುಕೊಂಡು ಗಾಜಿನ ಮೇಲೆ ದೊಡ್ಡದು ಮಾಡಿದರು. ಎಷ್ಟೋ ದಿನ ಮುಂಜಾನೆ ಕಿಡಕಿಯ ಹತ್ತಿರ ಕುಳಿತು ಪೆನ್ಸಿಲ್ ಆಡಿಸಿದರು. ಒಮ್ಮೊಮ್ಮೆ ಕಣ್ಣು ಮುಚ್ಚಿ ಕುಳಿತು, ನೆನಪಾದಂತೆ ಮತ್ತೆ ಬಾಗುತ್ತಿದ್ದರು. ಕಪ್ಪಿನೊಳಗಿಂದ ನಿಧಾನವಾಗಿ ಹಣೆ ಬಂತು, ಮೂಗು ಬಂತು, ಮೀಸೆ ಬಂತು, ಕಣ್ಣು ಬಂತು. ಒಳ್ಳೇ ಮುಖ. ನಾನು ಅಮೀರ ಪಾಶಾನನ್ನು ಸರಿಯಾಗಿ ನೋಡಿದ್ದು ಕ್ಯಾಮರಾದ ಕಿಂಡಿಯಿಂದ ಒಂದು ಸಲ, ಹಾಗಾಗಿ ನನ್ನ ಮಾತಿಗೆ ಬೆಲೆಯಿಲ್ಲ. ಖುರ್ಷಿದ ಬೇಗಂ ಬಂದು ಬಹಳ ಹೊತ್ತು ನೋಡಿ "ಹೌದ್ರಿ" ಎಂದಳು. ಸ್ವಲ್ಪ ತಡವಾಗಿ ಅಂದಳು ಎಂದು ಆಗ ನನಗೆ ಅನ್ನಿಸಿತ್ತು, ಆದರೆ ಅಳುವವರ ಮಾತು ತಡವಾಗುವುದು ಸಹಜ.

ಚಾಚಾ ಬೇಸಿಗೆಯಲ್ಲಿ ಔರಾದಿನ ಮದುವೆಗಳಿಗೆ ಫೋಟೊ ತೆಗೆಯಲು ಹೋಗುವವರು. ನೀವೇ ತೋರಿಸಿ ಕೇಳಿ ಎಂದರೆ ಒಪ್ಪಲಿಲ್ಲ. "ಮದವಿ ಮನ್ಯಾಗ ಕಳಕೊಂಡವರ ಮಾತು ತೆಗಿಬಾರದು. ಗಿರಾಕಿ ಮನಿಗಿ ನಮ್ಮ ದುಃಖ ಒಯ್ಯೋದು ಧಂಧಾ ಅಲ್ಲ" ಎಂದರು. ನನಗೆ ಅರ್ಥವಾಗಲಿಲ್ಲ. ತಮ್ಮನಿಗಿಂತ ಧಂಧಾ ದೊಡ್ಡದೇ? ಅವರು ಕ್ಯಾಮರಾ ಹೊತ್ತು ಹೋದರು, ಬಂದರು.

ದಾರಿಗಳು ಒಂದಿಷ್ಟು ತಣ್ಣಗಾದ ಮೇಲೆ ಖುರ್ಷಿದ ಬೇಗಂ, ಜೊತೆಗೆ ಅಕ್ಕ, ಅವರಿಬ್ಬರ ಕಾವಲಿಗೆ ನಾನು ಔರಾದಿಗೆ ಹೊರಟೆವು. ಅಂದು ಸಂತೆ. ಖುರ್ಷಿದ ಬೇಗಂ ಸೆರಗಿನೊಳಗಿಂದ ಫೋಟೊ ತೆಗೆದು ಮೊದಲು ಬಳೆ ಮಾರುವ ಈರಮ್ಮನಿಗೆ ತೋರಿಸಿದಳು.

"ಇವರ್ನ ನೋಡೇನಿ" ಎಂದಳು ಈರಮ್ಮ. "ಉಗಾದಿ ಆದ ಮ್ಯಾಲ ಇಲ್ಲೇ ಅಡ್ಡಾಡ್ತಿದ್ರು."

ಉಗಾದಿ ಎಂದರೆ ಈಚೆಗೆ, ಎಲ್ಲ ಗಲಾಟೆ ಮುಗಿದ ಎಷ್ಟೋ ದಿನದ ಮೇಲೆ. ಖುರ್ಷಿದ ಬೇಗಂ ಅಕ್ಕನ ತೋಳು ಹಿಡಿದುಕೊಂಡಳು. ಬೆಲ್ಲದ ಅಂಗಡಿಯವನೂ ನೋಡಿ, "ಹಾಂ, ಬಂದಿದ್ರು, ಚಾ ಕುಡದು ಹೋದ್ರು, ಗಟ್ಟಿಮುಟ್ಟ ಅದಾರಲ್ಲ" ಎಂದ. ಅವಳು ಅಲ್ಲೇ ನೆಲದ ಮೇಲೆ ಕುಳಿತು ಅಳತೊಡಗಿದಳು. ಅಕ್ಕನೂ ಅತ್ತಳು. ನನ್ನ ಫೋಟೊ, ಚಾಚಾರ ಪೆನ್ಸಿಲ್, ಎರಡೂ ಸೇರಿ ಒಬ್ಬ ಮನುಷ್ಯನನ್ನು ಹುಡುಕಿದವಲ್ಲ ಎಂದು ಹಿಗ್ಗಿದೆ.

ಅವರನ್ನು ಬೇವಿನ ನೆರಳಿಗೆ ಕೂರಿಸಿ, ಎಲ್ಲಿಳಿದುಕೊಂಡಿದ್ದಾನೆ ಎಂದು ಪತ್ತೆ ಮಾಡಲು ಫೋಟೊ ಹಿಡಿದು ಕುರಿ ಸಂತೆಗೆ ಹೋದೆ. ಅಲ್ಲಿ ಮಡೆಪ್ಪನೆಂಬ ಹಿರಿಯ ಕುರುಬ ಫೋಟೊ ನೋಡಿದ್ದೇ ನಕ್ಕ.

"ಇವರು ಯಾಕ ಗೊತ್ತಿಲ್ರಿ? ನನ್ನ ಮಗಳ ಮದವ್ಯಾಗ ದಿನಾಪೂರ್ತಿ ನಮ್ಮ ಹಂದರದಾಗೇ ಇದ್ರು. ಗಡ್ಡ ಒಂದು ಇದ್ರಾಗ ಇಲ್ಲ ನೋಡ್ರಿ. ಮೂರು ಕಾಲಿನ ಪೆಟ್ಟಗಿ ಇಟ್ಟು, ಕರಿ ಅರಿವಿ ಹೊತ್ಕೊಂಡು ಫೋಟೊ ತಗೀತಾರಲ್ಲ, ಬೀದರದವರು, ಅವರೇ ಅಲ್ಲೇನು?"

ನಾನು ಫೋಟೊ ತಿರುಗಿಸಿ ನೋಡಿದೆ. ಮನಸ್ಸಿನಲ್ಲೇ ಗಡ್ಡ ಹಚ್ಚಿ ನೋಡಿದೆ. ಚಸ್ಮಾ ಇಲ್ಲದೆ, ಕೆಲಸಕ್ಕೆ ನಿಂತ ಚಾಚಾ. ಬೀದರಿನಲ್ಲಿ ನಾವು ಅವರನ್ನು ಚಸ್ಮಾದಲ್ಲೇ ನೋಡುವವರು, ಔರಾದಿನವರು ನೋಡಿದ್ದು ಚಸ್ಮಾ ಕಿಸೆಗೆ ಹಾಕಿದ ಚಾಚಾರನ್ನು. ಕಣ್ಣು ಮುಚ್ಚಿ ತಮ್ಮನನ್ನು ನೆನೆದು ಬರೆದದ್ದು ದಿನಾ ಕನ್ನಡಿಯಲ್ಲಿ ಕಾಣುವ ಮುಖವಾಗಿತ್ತು.

ಬೇವಿನ ಕೆಳಗೆ ಖುರ್ಷಿದ ಬೇಗಂ ಕಣ್ಣೊರೆಸಿಕೊಂಡು ನಗುತ್ತಿದ್ದಳು. "ಎಲ್ಲದಾರಂತ?" ಎಂದಳು. "ಇನ್ನೂ ವಿಚಾರ ಮಾಡಬೇಕು" ಎಂದೆ. ಭಾಲ್ಕಿಯ ತನಕ ಬಸ್ಸಿನಲ್ಲಿ ಅವಳು ಮಾತಾಡುತ್ತಲೇ ಇದ್ದಳು. ಮನೆಗೆ ಸುಣ್ಣ ಬಳಿಯಬೇಕು, ಅವರಿಗೆ ಅಂಜಿಕೆ ಇದ್ದೀತು, ಅಂಜಿಕೆ ಹೋದರೆ ತಾವೇ ಬರುತ್ತಾರೆ ಎಂದಳು. ನಾನು ಹೇಳಬೇಕೇ, ಬಿಡಬೇಕೇ? ಹೇಳಿದರೆ ಅವಳ ಗಂಡನನ್ನು ನಾನೇ ಕೊಂದಂತೆ. ಬಿಟ್ಟರೆ ಬಾರದವನಿಗೆ ಅವಳು ಸುಣ್ಣ ಬಳಿಯುತ್ತಾಳೆ. ಕಿಡಕಿಯ ಹೊರಗೆ ಜೋಳದ ಹೊಲದ ಮೇಲೆ ಎಂಥ ಬೆಳಕು ಬಿದ್ದಿತ್ತೋ, ನಾನು ಕ್ಯಾಮರಾ ಮುಟ್ಟಲಿಲ್ಲ.

ಮರುದಿನ ಬೀದರಿಗೆ ಬಂದು ಚಾಚಾರಿಗೆ ಹೇಳಿದೆ. ಅವರು ಗಿರಾಕಿಗಳು ತಲೆ ಬಾಚಿಕೊಳ್ಳುವ ಕನ್ನಡಿಯ ಮುಂದೆ ಹೋಗಿ ನಿಂತು, ಫೋಟೊವನ್ನು ಗಲ್ಲದ ಪಕ್ಕ ಹಿಡಿದು ನೋಡಿದರು. ಹಜಾಮನನ್ನು ಕರೆಸಿ ಗಡ್ಡ ತೆಗೆಸಿದರು, ಮೀಸೆ ಉಳಿಸಿಕೊಂಡರು. ಆಮೇಲೆ ಚಸ್ಮಾ ಕಿಸೆಗೆ ಹಾಕಿ, ಜೀವಮಾನದಲ್ಲಿ ಮೊದಲ ಸಲ ತಮ್ಮದೇ ಕುರ್ಚಿಯಲ್ಲಿ ಕುಳಿತರು.

"ತಗಿ, ತಮ್ಮಾ."

"ನಾ ಏನ್ರಿ?"

"ಮತ್ಯಾರು? ಹ್ಯಾಂಗ ಅದೇನೋ ಹಾಂಗೇ ತಗಿ. ತಿದ್ದೋದು ಬ್ಯಾಡ."

ಕರಿ ಬಟ್ಟೆಯೊಳಗೆ ತಲೆ ಹಾಕಿದೆ. ಗಾಜಿನ ಮೇಲೆ ಚಾಚಾ ತಲೆಕೆಳಗಾಗಿ ಕುಳಿತಿದ್ದರು. ಬೆಳಕು ಹುಡುಕುವ ನನ್ನ ಚಾಳಿಯನ್ನು ಹಲ್ಲು ಕಚ್ಚಿ ತಡೆದು, ಮುಖ ಒಂದನ್ನೇ ನೋಡಿ ತೆಗೆದೆ. ಕಲೆ, ಸುಕ್ಕು, ಹಜಾಮನ ಕತ್ತಿ ತಾಗಿದ ಗಾಯ, ಎಲ್ಲವೂ ಬಂತು.

ಭಾಲ್ಕಿಗೆ ಇಬ್ಬರೂ ಹೋದೆವು. ಖುರ್ಷಿದ ಬೇಗಂ ಅಂಗಳದಲ್ಲಿ ಸುಣ್ಣ ಕಲೆಸುತ್ತಿದ್ದಳು. ಗಡ್ಡವಿಲ್ಲದ ಭಾವನನ್ನು ಕಂಡು ಕೈ ತೊಳೆಯುವುದನ್ನೂ ಮರೆತು ನಿಂತಳು. ಚಾಚಾ ತಿದ್ದಿದ್ದು, ಹೊಸದು, ಎರಡು ಫೋಟೊಗಳನ್ನೂ ಹೊರಸಿನ ಮೇಲೆ ಅಕ್ಕಪಕ್ಕ ಇಟ್ಟರು.

ಅವಳು ಒಂದನ್ನು ನೋಡಿದಳು, ಇನ್ನೊಂದನ್ನು ನೋಡಿದಳು, ಅವರ ಮುಖ ನೋಡಿದಳು.

"ಔರಾದದವರು ನೋಡಿದ್ದು ನಿಮಗೇ ಏನ್ರಿ?"

"ಹೌದು, ಬೇಟಿ."

ಅವಳು ಹೊರಸಿನ ತುದಿಗೆ ಕುಳಿತಳು. ಅಳುತ್ತಾಳೆ ಎಂದುಕೊಂಡೆ, ಅಳಲಿಲ್ಲ. ನನ್ನ ಕಡೆ ಕೈ ಚಾಚಿದಳು. ಏನು ಬೇಕೆಂದು ತಿಳಿದು, ಕಿಸೆಯಲ್ಲಿದ್ದ ನನ್ನ ಹಳೆಯ ಫೋಟೊ ಕೊಟ್ಟೆ. ರುಮಾಲಿನ ಕೆಳಗಿನ ಕಪ್ಪನ್ನು ಬೆರಳಿನಿಂದ ಮುಟ್ಟಿದಳು. ಬೆರಳಿನ ಸುಣ್ಣ ಅಲ್ಲಿ ಅಂಟಿತು.

"ದಿನಾ ಈ ತಿದ್ದಿದ ಫೋಟೊಕ್ಕೇ ನೋಡೇನಿ, ಭಾಯಿಜಾನ್. ಎದ್ದ ಕೂಡ್ಲೆ ನೋಡೇನಿ, ಮಲಗೋ ಮುಂದ ನೋಡೇನಿ. ಈಗ ಕಣ್ಣ ಮುಚ್ಚಿದರ ನೀವೇ ಬರ್ತೀರಿ. ಅವರು ಬರವಲ್ರು." ಅವಳು ತಲೆ ಎತ್ತಿದಳು. "ಅವರ ಮಾರಿ ಹ್ಯಾಂಗ ಇತ್ತು? ನೀವರ ಹೇಳ್ರಿ."

ಚಾಚಾ ನನ್ನ ಕಡೆ ನೋಡಿದರು. ನಾನು ಕಣ್ಣು ಮುಚ್ಚಿ ನೆನೆದೆ, ಸೈಕಲ್ಲಿನ ಕಡ್ಡಿಗಳು ಕಂಡವು.

"ಮೂಗು," ಎಂದರು ಚಾಚಾ, "ಮೂಗು ನನ್ನ ಹಾಂಗ..." ಎಂದು ಅಲ್ಲಿಗೇ ನಿಂತುಬಿಟ್ಟರು.