ಕಾಳ್ಯಾನ ಪಾಲಿನ ಬದನೆಕಾಯಿ

ಹೌಸಾಬಾಯಿಯ ನಾಯಿ ಕಾಳ್ಯಾ ನೆರೆಮನೆಯ ದತ್ತೋಬಾನ ಕಾಲಿನ ಮೀನಖಂಡ ಕಚ್ಚಿದನೆಂದು, ಹತ್ತಾರು ಮನೆಗಳು ಒಂದೇ ಅಂಗಳಕ್ಕೆ ತೆರೆಯುವ ಸಾಸವಡದ ಆ ವಾಡೆಯಲ್ಲೆಲ್ಲ ಗುಲ್ಲು. ಕಚ್ಚಿದ್ದನ್ನು ಕಂಡವರು ಯಾರೂ ಇಲ್ಲ, ಕಂಡದ್ದು ಪಟ್ಟಿ ಕಟ್ಟಿದ ಕಾಲು ಮಾತ್ರ. ಮೂವತ್ತು ವರ್ಷ ಘಾಟಿನಲ್ಲಿ ಬಸ್ಸು ಓಡಿಸಿದ ಗಂಡಸು, ಅಂಗಳದಲ್ಲಿ ಕಾಲು ಚಾಚಿ ಕುಳಿತು ಬಂದುಹೋಗುವವರಿಗೆಲ್ಲ ಅದನ್ನು ತೋರಿಸುತ್ತಿದ್ದ.

"ವೈನಿ, ಈ ವಾಡೆದಾಗ ಆ ನಾಯಿ ಇರಬೇಕು, ಇಲ್ಲಾ ನಾ ಇರಬೇಕು."

"ನೀವು ಹ್ವಾದ್ರ ನಿಮ್ಮ ಹೇಣ್ತಿ ಮಂದಾನ ಗತಿ ಏನ್ರಿ?" ಅಂದಳು ಹೌಸಾಬಾಯಿ. "ಕಾಳ್ಯಾಗ ಹನ್ನೊಂದು ವರ್ಷ. ಬಾಯಾಗ ಹಲ್ಲು ಎಷ್ಟದಾವ ನೋಡ್ರಿ. ಬಿಸ್ಕೀಟು ಸೈತ ಚಾದಾಗ ಅದ್ದಿ ಕೊಡತೀನಿ."

"ಕಚ್ಚಾಕ ಎರಡ ಹಲ್ಲು ಸಾಕು."

ವಾಡೆಯ ಹಿರಿಯರು ಕೂತರು, ಎರಡೆರಡು ಸಲ ಚಹಾ ಕುಡಿದರು, ಕಾಳ್ಯಾನನ್ನು ಹೌಸಾಬಾಯಿಯ ತಮ್ಮನ ಹೊಲಕ್ಕೆ ಕಳಿಸಬೇಕೆಂದು ಹೇಳಿ ಎದ್ದರು. ಆ ಕಬ್ಬಿನ ಹೊಲದಲ್ಲಿ ಚಿರತೆಯ ಓಡಾಟ. ಮುದಿ ನಾಯಿ ಅಲ್ಲಿ ಎಷ್ಟು ದಿನ ಉಳಿದೀತು? ಆದರೆ ಹೌಸಾಬಾಯಿಯ ಗಂಡ ಸತ್ತಾಗ ಹದಿಮೂರು ದಿನ ಈ ಮನೆಗೆ ಅನ್ನ ಹೊತ್ತು ತಂದವನು ಇದೇ ದತ್ತೋಬಾ. ಅವನೊಂದಿಗೆ ಎಷ್ಟು ಜಗಳಾಡಿಯಾಳು? ಚಂಪಾಷಷ್ಠಿಯ ಮಧ್ಯಾಹ್ನ ತರಕಾರಿ ಟೆಂಪೋದಲ್ಲಿ ಕಳಿಸುತ್ತೇನೆಂದು ಒಪ್ಪಿಕೊಂಡಳು.

ಚಂಪಾಷಷ್ಠಿ ಎಂದರೆ ಖಂಡೋಬಾನ ವ್ರತ ಮುಗಿದು, ನಾಲ್ಕು ತಿಂಗಳು ಬಿಟ್ಟ ಬದನೆಕಾಯಿ ಮತ್ತೆ ಒಲೆಗೆ ಬೀಳುವ ದಿನ. ಸುಟ್ಟ ಬದನೆಯ ಭರಿತ, ಸಜ್ಜೆ ರೊಟ್ಟಿ. ಮೊದಲ ತುತ್ತು ಖಂಡೋಬಾನ ಒಡನಾಡಿಯೆನ್ನುವ ನಾಯಿಗೆ. ನಾಯಿ ಬಾಯಿ ಹಾಕದ ಹೊರತು ಮನೆಯವರು ತಾಟು ಮುಟ್ಟುವಂತಿಲ್ಲ. ದತ್ತೋಬಾ ಕೆಟ್ಟದ್ದು ಅಲ್ಲೇ. ಕಾಲು ನೋವೆಂದು ಹಾಸಿಗೆಯಲ್ಲೇ ಹೊರಳಾಡಿ ಪೂಜೆಯನ್ನು ಮಧ್ಯಾಹ್ನ ಒಂದು ಗಂಟೆಗೆ ತಂದು ನಿಲ್ಲಿಸಿದ. ಅಷ್ಟರಲ್ಲಿ ಓಣಿಯ ನಾಯಿಗಳೆಲ್ಲ ನಲವತ್ತು ಮನೆ ಉಂಡು ಹೊಟ್ಟೆ ಮೇಲೆ ಮಾಡಿ ಬಿದ್ದಿದ್ದವು. ಅವನ ಹೆಂಡತಿ ಮಂದಾ ತಾಟು ಹಿಡಿದು ಬೀದಿ ಬೀದಿ ಬೇಡಿದಳು. ಒಂದು ನಾಯಿ ಮೂಸಿ ಮುಖ ತಿರುವಿತು, ಇನ್ನೊಂದು ಎದ್ದೇ ಹೋಯಿತು.

ಹಸಿದಿದ್ದವನು ಕಾಳ್ಯಾ ಒಬ್ಬನೇ. ಟೆಂಪೋದಲ್ಲಿ ಕಾರಿಕೊಳ್ಳುತ್ತಾನೆಂದು ಹೌಸಾಬಾಯಿ ಬೆಳಗಿನಿಂದ ಏನೂ ಹಾಕಿರಲಿಲ್ಲ.

"ಅಕ್ಕಾ, ಹೊಟ್ಟಿ ಹಸದು ಇವರು ಗ್ವಾಡಿಗೂ ಬೈಯಾಕತ್ತಾರ," ಅಂದಳು ಬಾಗಿಲಿಗೆ ಬಂದ ಮಂದಾ. "ಕಾಳ್ಯಾಗ ಒಂದು ತುತ್ತು..."

"ದೇವರ ಪಾಲು, ನಾ ಬ್ಯಾಡ ಅಂತೀನೇನು? ಆದರ ಮನಿ ಯಜಮಾನನ ಕೈಲೆ ಆಗಬೇಕು. ಅವರನ್ನ ಕಳಸು."

ದತ್ತೋಬಾ ಬಂದ, ಹಿಂದೆಯೇ ತಾಟು ಹಿಡಿದ ಮಂದಾ. ಹೊಸ್ತಿಲಾಚೆಯೇ ನಿಂತು, ತೋಳು ಉದ್ದ ಮಾಡಿ ರೊಟ್ಟಿ ಚಾಚಿದ.

"ಹುಷಾರ್ರೀ, ಕಚ್ಚತಾನ," ಅಂದಳು ಹೌಸಾಬಾಯಿ.

ಕಾಳ್ಯಾ ಬಾಲ ಆಡಿಸುತ್ತ ರೊಟ್ಟಿ ಹಿಡಿದ, ಅಗಿಯಲಾರದೆ ಕೆಳಗೆ ಬಿಟ್ಟ, ಮತ್ತೆ ಹಿಡಿದ, ಮತ್ತೆ ಬಿಟ್ಟ. ದತ್ತೋಬಾ ನೋಡಿಯೇ ನೋಡಿದ. ಆಮೇಲೆ ಒಳಗೆ ಬಂದು ಕುಕ್ಕರಗಾಲಲ್ಲಿ ಕುಳಿತು, ರೊಟ್ಟಿಯನ್ನು ಭರಿತದಲ್ಲಿ ಕಿವುಚಿ ಮೆತ್ತಗೆ ಮಾಡಿ ಅಂಗೈಯಲ್ಲಿ ಹಿಡಿದ. ಕಾಳ್ಯಾ ಬೆರಳ ಸಂದಿಯನ್ನೂ ಬಿಡದೆ ನೆಕ್ಕಿದ.

"ಕಚ್ಚಿಲ್ರೀ ವೈನಿ," ಅಂದ ದತ್ತೋಬಾ, ತಲೆ ಎತ್ತದೆ. "ಬೆನ್ನ ಹಿಂದ ಬೊಗಳಿದ. ಅಂಜಿ ಜಿಗದು ಬಿದ್ದೆ, ಬಚ್ಚಲದ ತಗಡು ಕಾಲು ಕೊರೀತು. ನಾಯಿ ಬೊಗಳಿದ್ದಕ್ಕ ಬಿದ್ದೆ ಅಂತ ಇಕೀ ಮುಂದ ಹ್ಯಾಂಗ ಹೇಳ್ಲಿ?"

"ಅಯ್ಯ ನನ ದೇವರ!" ಮಂದಾ ಹಣೆ ಬಡಿದುಕೊಂಡಳು. "ಮೂರು ಸೂಜಿ ಚುಚ್ಚಿಸಿಕೊಂಡ್ರಲ್ರೀ!"

"ನೀನ ಎಳಕೊಂಡು ಹೋದಿ. ಕಚ್ಯದ ಅಂತ ನರ್ಸಬಾಯಿಗೂ ಹೇಳಿದ ಮ್ಯಾಲ ಸೂಜಿ ಬ್ಯಾಡ ಅನ್ನಾಕ ಬರತದೇನು?"

ಎಂಟು ದಿನದ ಬೈಗುಳ ಹೌಸಾಬಾಯಿಯ ಬಾಯಿತನಕ ಬಂತು. ಎದುರಿಗೆ ಕೈತುಂಬ ಬದನೆಕಾಯಿ ಹಚ್ಚಿಕೊಂಡು, ತಾನು ಮಾತ್ರ ತುತ್ತೂ ಮುಟ್ಟದೆ ಕುಳಿತ ಮುದುಕನನ್ನು ನೋಡಿದಳು.

"ಮೊದಲ ಹೋಗಿ ಉಣ್ಣ್ರಿ ಭಾವುಜಿ. ಉಂಡ ಮ್ಯಾಲ ಬರ್ರಿ, ಬೈತೀನಿ."

ಹೊರಗೆ ಟೆಂಪೋ ಹಾರ್ನ್ ಹೊಡೆಯಿತು. ಹೌಸಾಬಾಯಿ ಏಳುವ ಮೊದಲೇ ದತ್ತೋಬಾ ಎದ್ದು ಬಾಗಿಲಿಗೆ ಹೋಗಿ, ಮೂವತ್ತು ವರ್ಷ ಬಸ್ಸು ಓಡಿಸಿದ ಗಂಟಲಲ್ಲಿ ಕೂಗಿದ:

"ಮುಂದ ಹೋಗೋ! ಇಲ್ಲಿ ಹತ್ತಾವ್ರು ಯಾರೂ ಇಲ್ಲ!"